ನ್ಯೂಬಿಗಿನ್ನಿನಲ್ಲಿ ಮಸಿ

ಗುರುವಾರ ಸಂಜೆ, ಮೆಥಡಿಸ್ಟ್ ಚಾಪೆಲ್ಲಿನ ಹಿಂದಿನ ಕೋಣೆ.
ಹೀಟರಿನ ಬಾಯಿಗೆ ಐವತ್ತು ಪೆನ್ಸ್. ಏಳು ಜನ ನಾವು.
ವಿನಿಫ್ರೆಡ್ ಡಾಡ್ಸ್ ಮೇಜಿನ ಮೇಲೆ ಸುರಿದಳು
ಒಂದು ಚೀಲ ಕಲ್ಲಿದ್ದಲು,
ಬೆಳಿಗ್ಗೆ ಕಡಲು ಉಗುಳಿದ್ದು, ಇನ್ನೂ ಒದ್ದೆ.
"ಅರೆಯಿರಿ," ಎಂದಳು.

ಅರೆದೆವು. ಗಾಜಿನ ಹಲಗೆ, ಗಾಜಿನ ಗುಂಡು,
ಗೋಂದು, ಒಂದೇ ಹನಿ ಲವಂಗದೆಣ್ಣೆ
(ಹಲ್ಲುನೋವು ನೆನಪಾಗಿ ನಕ್ಕೆ).
ನಮ್ಮ ಭಾಷೆಯಲ್ಲಿ, ಎಂದೆ,
ಬರೆಯುವ ಶಾಯಿಗೂ ಮಸಿ, ಪಾತ್ರೆ ತಳದ ಕರಿಗೂ ಮಸಿ,
ಮಾನ ಹೋದವನ ಮುಖಕ್ಕೆ ಬಳಿಯುವುದೂ ಅದೇ.
"ಜಿಪುಣ ಭಾಷೆ," ಎಂದ ರಾಲ್ಫ್ ಹೆಡ್ಲಿ,
ಉಗುರಿನ ಸಂದು ನೋಡಿಕೊಳ್ಳುತ್ತ, "ಆದರೆ ಸರಿಯಾಗಿದೆ."

ನಾನು ಮೂವತ್ತೊಂದು ವರ್ಷ ನಕ್ಷೆ ಬರೆದವಳು,
ಮುಚ್ಚಿದ ಗಣಿಗಳ ನಕ್ಷೆ.
ಯಾರ ಅಡುಗೆಮನೆಯ ಕೆಳಗೆ ಯಾವ ಸುರಂಗ,
ಎಷ್ಟು ಆಳ, ನೀರು ತುಂಬಿದ ವರ್ಷ ಯಾವುದು.
ಗೆರೆ ಕೂದಲೆಳೆ ಸರಿದರೆ
ಯಾರದೋ ಮನೆ ಮಾರಾಟ ನಿಂತುಹೋಗುತ್ತದೆ.
ನನ್ನ ಕೈ ನಡುಗುವುದಿಲ್ಲ.
ಅದೇ ನಿನ್ನ ತೊಂದರೆ ಎಂದು
ಮೊದಲ ವಾರವೇ ಹೇಳಿದ್ದಳು ವಿನಿಫ್ರೆಡ್.

ಶನಿವಾರ ಬಯಲಿಗೆ.
ಹಾಳೆಗೆ ನಾಲ್ಕು ಕಲ್ಲು ಹೇರಿ ಕೊಲ್ಲಿಗೆದುರು ಕೂತೆ.
ಮಾತು ಮುಗಿಯುವ ಮೊದಲೇ
ಬಾಯಿಂದ ಕಸಿದೊಯ್ಯುವ ಈಶಾನ್ಯದ ಗಾಳಿ.
ದಿಗಂತ ಎಳೆದೆ, ನೇರ.
ಚರ್ಚಿನ ಮೊನೆಗೋಪುರ, ಅಳತೆಗೆ ಸರಿ.
ಅಲೆಗಳನ್ನೂ ಎಳೆದೆ, ಒಂದರ ಕೆಳಗೊಂದು,
ಕಾಪಿ ಪುಸ್ತಕದ ಅಕ್ಷರಗಳಂತೆ. ಪಾಪ, ತೆಪ್ಪಗೆ ಕೂತವು.

ವಿನಿಫ್ರೆಡ್ ಬಗ್ಗಿ ನೋಡಿದಳು.
"ಕಡಲು ಇರುವ ಜಾಗ ಇದು. ಸರಿ. ಕಡಲೆಲ್ಲಿ?"

ಸಿಟ್ಟು ಬಂತು. ಯಾರ ಮೇಲೆ, ಗೊತ್ತಿಲ್ಲ.
ಕುಂಚ ಬಿಸುಟು, ಹಳೆಯ ಬನಿಯನ್ ಚಿಂದಿ ಮಸಿಗದ್ದಿ
ಬಡಿದೆ, ಬಟ್ಟೆ ಒಗೆಯುವವರ ಹಾಗೆ.
ಅಷ್ಟರಲ್ಲಿ ತೆರೆಯ ಎರಚಲು, ಉಪ್ಪು ಸಮೇತ.
ನೇರ ದಿಗಂತ ಕಾಲು ಕಿತ್ತಿತು.
ಗೋಪುರ ಕರಗಿ ಕೊಲ್ಲಿಗಿಳಿಯಿತು.
ಕರಿಹೊಳೆಯೊಂದು ಹಾಳೆಯ ಅಂಚು ದಾಟಿ
ನನ್ನ ಮಣಿಕಟ್ಟಿಗೆ, ಅಲ್ಲಿಂದ ತೋಳಿಗೆ.
ಅಭ್ಯಾಸಬಲ, ಕೈ ಬ್ಲಾಟಿಂಗ್ ಪೇಪರಿಗೆ ಹೋಯಿತು.
"ಒರೆಸಬೇಡ!"
ಕೂಗಿದ್ದು ವಿನಿಫ್ರೆಡ್ ಅಲ್ಲ, ರಾಲ್ಫ್.

ಆಗ ಅವನ ಹಾಳೆ ನೋಡಿದೆ.
ಆಕಾಶವಿಲ್ಲ, ದಡವಿಲ್ಲ. ಮೇಲಿಂದ ಕೆಳಗೆ ಕಪ್ಪು,
ಕಾಗದ ಜುಂಗು ಏಳುವಷ್ಟು ಸಲ ಉಜ್ಜಿದ ಕಪ್ಪು,
ಅದರೊಳಗೆ ಉಗುರಿನಿಂದ ಕೆರೆದ ಗೀರುಗಳು.
"ಇದೇ ಕಡಲು," ಎಂದ.
"ಹದಿನೆಂಟು ವರ್ಷ ಇದರ ಅಡಿಯಲ್ಲಿದ್ದೆ.
ಬಿರುಗಾಳಿಯ ದಿನ, ತಲೆಯ ಮೇಲೆ
ಬಂಡೆಗಳು ಉರುಳಾಡುವುದು ಕೇಳಿಸುತ್ತಿತ್ತು.
ಯಾರೂ ಏನೂ ಅನ್ನುತ್ತಿರಲಿಲ್ಲ.
ಊಟದ ಡಬ್ಬಿ ಮುಚ್ಚುತ್ತಿದ್ದೆವು, ಅಷ್ಟೆ."

ಆ ಸುರಂಗ ನನಗೆ ಗೊತ್ತು. ನಾನೇ ಬರೆದದ್ದು.
ನೀಲಿ ಚುಕ್ಕೆಗೆರೆ, ಪಕ್ಕದಲ್ಲಿ ಆರು ಎಂಬ ಅಂಕಿ.
ಸದ್ದನ್ನು ಯಾವ ಬಣ್ಣದಲ್ಲಿ ತೋರಿಸಬೇಕೆಂದು
ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ,
ನಾನೂ.

ಹಾಳೆಯನ್ನು ತೊಡೆಯ ಮೇಲಿಟ್ಟು ಬಸ್ಸಿನಲ್ಲಿ ತಂದೆ.
ಪಕ್ಕದ ಹುಡುಗ ಚಿಪ್ಸ್ ಅಗಿಯುತ್ತ ಕೇಳಿದ:
"ಅದಕ್ಕೇನಾಯಿತು?"
ಗಾಳಿ, ಎಂದೆ.

ಇದ್ದಲು ತೊಳೆದರೆ ಬೆಳ್ಳಗಾದೀತೇ
ಎಂದು ಬಯ್ಯುತ್ತಿದ್ದಳು ನನ್ನ ಸೋದರತ್ತೆ, ಬೇರೆ ಯಾವುದಕ್ಕೋ.
ಸಿಂಕಿನ ಮುಂದೆ ನಿಂತಿದ್ದೇನೆ, ನಲ್ಲಿ ತಿರುಗಿಸಿಲ್ಲ.
ಮೊಣಕೈಯ ಮಡಿಕೆಯಲ್ಲಿ ಸಣ್ಣದೊಂದು ಕೊಲ್ಲಿ,
ಒಣಗಿದ ಉಪ್ಪು, ಹೆಸರಿಲ್ಲದ ದಡ.
ಕೈ, ಇದೇನಿದು,
ಸ್ವಲ್ಪ ನಡುಗುತ್ತಿದೆ.