ಐದು ಸಾಲು

ಗುತ್ತಲದ ಬಸ್‌ಸ್ಟ್ಯಾಂಡಿನ ಎದುರು ಬೀಜದ ಅಂಗಡಿಯೊಳಗ
ಇಪ್ಪತ್ತೊಂದು ವರ್ಷ ಬಿಲ್ ಬರದೀನಿ.
ಮಿರಗದ ಮಳಿ ಬಿತ್ತಂದ್ರ ಉಣ್ಣಾಕ ಪುರಸೊತ್ತಿಲ್ಲ.
ಹತ್ತಿ ಬೀಜದ ಒಂದೊಂದು ಡಬ್ಬಿಯೊಳಗ
ಎರಡೆರಡು ಪಾಕೀಟು ಇರ್ತಿದ್ದವು ಆಗ:
ದೊಡ್ಡದು, ಬಿಟಿ, ನಾಕನೂರಾ ಐವತ್ತು ಗ್ರಾಂ;
ಸಣ್ಣದು, ನೂರಾ ಇಪ್ಪತ್ತು, ಬರೇ ಹತ್ತಿ,
ಒಳಗ ಯಾರೂ ಏನೂ ಸೇರಿಸಿಲ್ಲದ್ದು.

ದೊಡ್ಡದನ್ನ ಎದಿಗವಚಿಕೊಂಡು ಹೋಗೋರು.
ಸಣ್ಣದು ನಮ್ಮ ಕಟ್ಟಿ ಮ್ಯಾಲೇ ಉಳಿಯೂದು,
ಇಲ್ಲಾ ಗಟಾರಕ್ಕ.
ಸಂಜಿಕೆ ಕಸಬರಿಗಿ ಹಿಡದು ನಾನ ಬಳೀತಿದ್ದೆ.
ಅಂಗಡಿ ಹಿಂದ, ಹಳೇ ಟಯರಿನ ನಡುವ,
ಶ್ರಾವಣಕ್ಕೊಮ್ಮೆ ಒಂದಿಷ್ಟು ಹತ್ತಿ ಗಿಡ,
ಯಾರೂ ಬಿತ್ತದ್ದು, ಯಾರೂ ಕಳೆ ತೆಗೀದ್ದು,
ಹಳದಿ ಹೂವ ಬಿಟಗೊಂಡು ನಿಂದರತಿದ್ದವು.

ಡಬ್ಬಿಯೊಳಗೊಂದು ಚೀಟಿ,
ಎಂಟು ಭಾಷಾದಾಗ, ಇರುವಿ ಕಾಲಿನಂಥಾ ಅಕ್ಷರ.
ಓದಿದಾಕಿ ಒಬ್ಬಾಕಿ: ಗುಡ್ಡವ್ವ ಕನವಳ್ಳಿ.
ಏಳನೇತ್ತಾ ಮಟ ಕಲ್ತಾಕಿ,
ಕನ್ನಡಕದ ಒಂದು ಕಾಲಿನ ಬದಲಿ ದಾರ.
"ಇಮಾಮಣ್ಣಾ, ಸುತ್ತಲೂ ಐದು ಸಾಲು
ಸಾದಾ ಬೀಜ ಊರ್ರಿ ಅಂತ ಬರದಾರ.
ಯಾಕಂತ ಬರದಿಲ್ಲ."

ಕಂಪನಿ ಹುಡುಗ ಅಲ್ಲೇ ಇದ್ದ, ಚಾ ಕುಡೀತಾ.
ಬಿಟಿ ತಿಂದ ಹುಳ ಸಾಯ್ತೈತಿ, ಅಂದ.
ಎಲ್ಲೋ ಒಂದು ಸಾಯಂಗಿಲ್ಲ.
ಸಾಯದ್ದು ಸಾಯದ್ದನ್ನ ಕೂಡಿದ್ರ
ಹುಟ್ಟೂದೆಲ್ಲಾ ಸಾಯದ್ದ.
ಅದಕ್ಕ, ವಿಷಾನ ಕಾಣದ ಹುಳ ಒಂದಿಷ್ಟು
ಬಾಜೂಕ ಬದುಕಿರಬೇಕು,
ಇವರಿಗೂ ಅವರಿಗೂ ಬೀಗತನ ಬೆಳೀಬೇಕು.
"ಅಂದ್ರ ಹುಳದ ಲಗ್ನಕ್ಕ ನಾ ಹಂದರ ಹಾಕಬೇಕು,"
ಅಂದ್ಲು ಗುಡ್ಡವ್ವ.
ಹುಡುಗನ ಮೂಗಿನಾಗ ಚಾ ಬಂತು.

ಆಕಿ ನಗಲಿಲ್ಲ.
"ಸೀಗಿ ಹುಣ್ಣಿವಿಗೆ ಚರಗ ಚೆಲ್ಲತೇವಲ್ಲಾ,
ಹುಲ್ಲುಲ್ಲಿಗೋ ಅಂತ ಕೂಗಿ, ಹೊಲದ ನಾಕೂ ದಿಕ್ಕಿಗೆ.
ಇಲಿ ತಿಂತಾವೋ ಹಕ್ಕಿ ತಿಂತಾವೋ, ಯಾರು ಕೇಳ್ಯಾರ?
ಹುಳದ ಪಾಲು ಇವ್ರು ತೂಕ ಮಾಡೇ ಕೊಟ್ಟಾರ.
ಕೊಡು ಇತ್ತಾಗ."
ಕಟ್ಟಿ ಮ್ಯಾಲೆ ಬಿದ್ದವನ್ನೂ ಬಾಚಿ ಸೆರಗಿಗೆ ಕಟಗೊಂಡ್ಲು.

ದೀಪಾವಳಿ ಮುಂದ ಸೈಕಲ್ ಹತ್ತಿ ನೋಡಾಕ ಹೋಗಿದ್ದೆ.
ಅಂಚಿನ ಐದು ಸಾಲು ಜರಡಿ ಆಗಿದ್ವು,
ಕಾಯಿ ಕಾಯಿಗೂ ತೂತು, ಎಲಿ ಮ್ಯಾಲೆ ಹಿಕ್ಕಿ.
ನಡುವ ಬೆಳ್ಳಗ ಅರಳಿತ್ತು.
ಹಾದ್ಯಾಗ ಹೋಗೋರು ಅಂಚಷ್ಟ ನೋಡಿ
"ಗುಡ್ಡವ್ವನ ಹತ್ತಿ ಹುಳಾ ಬಡೀತು" ಅಂದ್ರು.

ಬಾಜೂದವ್ರು ಯಾರೂ ಹಾಕಲಿಲ್ಲ.
ಐದು ಸಾಲು ಬಿಟ್ರ ಇಷ್ಟು ಕಿಲೋ ಹೋತು ಅಂತ ಲೆಕ್ಕ.
ಲೆಕ್ಕ ತಪ್ಪೇನಲ್ಲ; ನಾನೂ ಹಂಗ ಮಾಡ್ತಿದ್ದೆ,
ನನಗೂ ಹೊಲ ಇದ್ದಿದ್ರ.

ಮುಂದ ಗುಲಾಬಿ ಹುಳ ಬಂತು.
ಆ ಹೆಸರು ಇಟ್ಟವ್ರು ಯಾರೋ.
ಹೊರಗಿಂದ ಕಾಯಿ ತುಂಬಿ ನಿಂತಿರತೈತಿ;
ಒಡದ್ರ, ಕೊಳೆತ ಅರಳಿಯೊಳಗ
ತಣ್ಣಗ ಮಲಗಿದ ಉಗುರಿನುದ್ದ ಜೀವ.
ಗುಡ್ಡವ್ವನ ಹೊಲಾನೂ ಬಿಡಲಿಲ್ಲ.
ಈಕಿ ಪಾಲು ಇಟ್ಟಾಕಿ ಅಂತ ಅದಕ್ಕೇನು ಗೊತ್ತು?
ರೆಕ್ಕಿ ಬಂದ ಮ್ಯಾಲೆ ಬದು ಯಾರದು?

ಈಗ ಸಣ್ಣ ಪಾಕೀಟು ಬರಂಗಿಲ್ಲ.
ಮಂದಿ ಒಗೀತಾರಂತ ಸಾದಾ ಬೀಜಾನೂ
ದೊಡ್ಡದರಾಗ ಬೆರಿಸಿ ಕಳಸ್ತಾರ,
ಎರಡಕ್ಕೂ ಒಂದ ಬಣ್ಣ ಬಳದು.
ಮೊನ್ನೆ ಗುಡ್ಡವ್ವ ಬಂದಿದ್ಲು, ಕೋಲು ಊರಿಕೊಂತ.
ಪಾಕೀಟು ಹರದು ಅಂಗೈಗೆ ಸುರುವಿ
ಬೆರಳಿಲೆ ಆಚೀಕೊಂದು ಈಚೀಕೊಂದು ಸರಿಸಿ,
"ಇದರಾಗ ಹುಳಂದು ಯಾವುದೋ?"

"ಗೊತ್ತಾಗಂಗಿಲ್ಲಬೇ. ಗೊತ್ತಾಗಬಾರದಂತ ಮಾಡ್ಯಾರ."

"ಕೊಟ್ಟಾಕಿಗರೆ ಗೊತ್ತಿರಬೇಕಲ್ಲೋ ಯಪ್ಪಾ,
ಕೊಟ್ಟೆ ಅಂತ."

ಬಿಲ್ ಬರದೆ. ಚಿಲ್ಲರ ಎಣಿಸಿಕೊಂಡ್ಲು,
ನಮ್ಮ ಕೊಡದ ನೀರಿಲೆ ಅಂಗೈ ತೊಳದ್ಲು, ಎರಡು ಸಲ.
ಬಣ್ಣ ಪೂರಾ ಹೋಗಲಿಲ್ಲ.

ಅಂಗಡಿ ಹಿಂದ ಟಯರಿನ ನಡುವ
ಈ ಸಲ ಬರೇ ಕಸ ಎದ್ದೈತಿ.