ಒಂಟೆ ಮಾರ್ಕು

ದಾವಣಗೆರೆಗೆ ಒಂಟೆ ಬಂದದ್ದು ಹೀಗೆ:
ಸೊಲ್ಲಾಪುರದ ಪ್ರೆಸ್ಸಿನಲ್ಲಿ ಚೀಟಿ ಅಗ್ಗ,
ಒಂಟೆಯ ಅಚ್ಚು ಅಲ್ಲಿ ಮೊದಲೇ ಇತ್ತು,
ಯಾರೋ ಬೀಡಿಯವರು ದುಡ್ಡು ಕಟ್ಟದೆ ಬಿಟ್ಟದ್ದು.
ಅಣಜಿ ಹಾಲೇಶಪ್ಪ ಅದನ್ನೇ ತಂದರು.
ಗೂನು ಒಂದು, ಕಾಲು ಮೂರು;
ನಾಲ್ಕನೆಯದು ಅಚ್ಚಿನಲ್ಲೇ ಮುರಿದಿತ್ತು.

ನಾನು ಬಾಟಲಿ ತೊಳೆಯುವವಳು.
ಕುತ್ತಿಗೆಯೊಳಗೆ ಕಿರುಬೆರಳು ಹಾಕಿ
ಗೋಲಿಯನ್ನು ಒಂದು ಸುತ್ತು ತಿರುಗಿಸಿ ಬಿಟ್ಟರೆ
ಅದೇ ಹೇಳುತ್ತಿತ್ತು, ಬಾಟಲಿ ಬಿರುಕೋ ಗಟ್ಟಿಯೋ.
ಸುಳ್ಳು ಹೇಳಿದ ಗೋಲಿ ಒಂದೇ ಒಂದು:
ಈ ಹುಬ್ಬಿನ ಮೇಲಿನ ಗೆರೆ ಅದರದ್ದು.

ಶುಂಠಿ ಮೂರು ದಿನ ನೆನೆಯಬೇಕು,
ಅದು ಹಾಲೇಶಪ್ಪನವರ ಕಾನೂನು.
ಮೊದಲ ದಿನ ಶುಂಠಿಗೆ ನೀರಿನ ಗುರುತಿಲ್ಲ,
ಎರಡನೇ ದಿನ ಮಾತು,
ಮೂರನೇ ದಿನ ಜಗಳ. ಜಗಳವೇ ಸೋಡಾ, ಅನ್ನೋರು.

ಮಿಲ್ಲಿನ ಎರಡನೇ ಪಾಳಿ ಬಿಟ್ಟು ಅರ್ಧ ತಾಸಿಗೆ
ಗೇಟಿನೆದುರು ಹದಿನಾಲ್ಕು ಕ್ರೇಟು ಖಾಲಿ.
ಗಂಟಲ ತುಂಬ ಹತ್ತಿ ತುಂಬಿಕೊಂಡು ಬರೋರು,
ನನ್ನ ಗಂಡನೂ, ರೆಪ್ಪೆ ಮೇಲೆ ಅರಳೆ ಹೊತ್ತು.
ಒಂದು ಗುಟುಕಿಗೆ ಕಣ್ಣಲ್ಲಿ ನೀರು,
ಒಂದು ತೇಗಿಗೆ ಎಂಟು ತಾಸು ಹೊರಗೆ.
ಖಾರ ಮಂಡಕ್ಕಿ, ಮೆಣಸಿನಕಾಯಿ, ಒಂಟೆ.
ಹರಿಹರ, ಜಗಳೂರು, ಹೊಳಲ್ಕೆರೆವರೆಗೂ
"ಒಂದು ಒಂಟೆ ಹೊಡಿ" ಅಂದರೆ ಸಾಕಿತ್ತು.
ಬೀಗರು ಒಂಟೆ ತರಿಸಿಲ್ಲವೆಂದು
ಹದಡಿಯಲ್ಲಿ ಒಂದು ನಿಶ್ಚಿತಾರ್ಥ ನಿಂತೇಹೋಯಿತು.

ಆಮೇಲೆ ಮಗ ಶಶಿಧರ ಲೆಕ್ಕ ನೋಡಿದ.
ಕೆಟ್ಟವನಲ್ಲ. ನನ್ನ ಮಗಳ ಬಾಣಂತನಕ್ಕೆ ದುಡ್ಡು ಕೊಟ್ಟವನು.
ಲೆಕ್ಕದಲ್ಲಿ ಮೂರು ದಿನ ಅನ್ನುವುದು
ಮೂರು ದಿನ ಸುಮ್ಮನೆ ಕೂತ ದುಡ್ಡು.
ಹುಬ್ಬಳ್ಳಿಯಿಂದ ಎಸೆನ್ಸಿನ ಕ್ಯಾನು ಬಂತು,
ಮೂರು ದಿನದ ಜಗಳ ಮೂರೇ ನಿಮಿಷಕ್ಕೆ.
ಸಕ್ಕರೆಯ ಜಾಗಕ್ಕೆ ಸ್ಯಾಕರಿನ್ನು.
ಯಾರಿಗೂ ಗೊತ್ತಾಗಲಿಲ್ಲ.
ನಿಜ, ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ.
ಹಾಲೇಶಪ್ಪ ಒಂದು ಬಾಟಲಿ ಕುಡಿದು, ಬಾಯಿ ಒರೆಸಿ,
ಗೋಲಿಯನ್ನೇ ನೋಡುತ್ತ ಕೂತರು.
ಮರುದಿನದಿಂದ ಕಾರ್ಖಾನೆಗೆ ಬರಲಿಲ್ಲ.

ಬೇಸಿಗೆಯಲ್ಲಿ ಕಂಡಿತು.
ಬಾಟಲಿಯ ತಳದಿಂದ ಬಿಳಿ ಎಳೆ,
ನೂಲಿನಂಥದ್ದು, ಮೆಲ್ಲಗೆ ಏಳುವುದು.
ವಿಷವಲ್ಲ, ಎಸೆನ್ಸಿನ ಗಷ್ಟು,
ನಗರಸಭೆಯವರು ಬರೆದೇ ಕೊಟ್ಟರು.
ಬೇರೆ ಊರಾಗಿದ್ದರೆ ನಂಬುತ್ತಿತ್ತೇನೋ.
ಇದು ಅರಳೆಯ ಊರು.
ದಿನವಿಡೀ ಉಸಿರಲ್ಲಿ ಎಳೆದದ್ದನ್ನು
ಸಂಜೆ ದುಡ್ಡು ಕೊಟ್ಟು ಯಾರು ಕುಡಿಯುತ್ತಾರೆ?
ನನ್ನ ಗಂಡ ಬಾಟಲಿಯನ್ನು ಬೀದಿದೀಪಕ್ಕೆ ಹಿಡಿದ,
ಏನೂ ಅನ್ನಲಿಲ್ಲ. ಒಡೆಯದೆ ಕಟ್ಟೆಯ ಮೇಲಿಟ್ಟ.
ಮರುಸಂಜೆ ಅದೇ ಕಟ್ಟೆಯ ಮೇಲೆ ಅಂಥವು ನಲವತ್ತು.

ವಾಪಸು ಬಂದ ಮಾಲನ್ನು ರಾತ್ರಿ ಸುರಿದೆವು,
ಆರು ಹೆಂಗಸರು, ಒಂದು ಲಾಟೀನು, ಹಿತ್ತಲ ಗುಂಡಿ.
ಹೆಬ್ಬೆರಳಲ್ಲಿ ಒತ್ತಿದರೆ ಪ್ರತಿ ಬಾಟಲಿಯೂ
ಒಂದು ಸಲ ಚೀರಿ ಸುಮ್ಮನಾಗುವುದು.
ಬೆಳಗಿನ ಹೊತ್ತಿಗೆ ಹೆಬ್ಬೆರಳು ನಮ್ಮದಾಗಿರಲಿಲ್ಲ.
ಮೊದಲು ಗಮನಿಸಿದವಳು ಜೈತುನ್‌ಬಿ:
"ನೋಡೇ ದುರುಗಿ, ಇಷ್ಟು ಸಿಹಿ ಸುರಿದರೂ
ಒಂದು ಇರುವೆ ಬಂದಿಲ್ಲ."

ಶಶಿಧರ ಮತ್ತೆ ಶುಂಠಿ ನೆನೆಸಿದ. ಮೂರಲ್ಲ, ನಾಲ್ಕು ದಿನ.
ಹಳೇ ಒಂಟೆ, ಹಳೇ ರುಚಿ ಎಂದು
ಆಟೋಗೆ ಮೈಕು ಕಟ್ಟಿ ಕೂಗಿಸಿದ.
ರುಚಿ ಅದೇ ಇತ್ತು, ದುರುಗಮ್ಮನ ಆಣೆ.
ಆದರೆ ಜನ ಮೊದಲು ಬೆಳಕಿಗೆ ಹಿಡಿಯುತ್ತಿದ್ದರು.
ಬೆಳಕಿಗೆ ಹಿಡಿದು ಕುಡಿದದ್ದಕ್ಕೆ ತೇಗು ಬರುವುದಿಲ್ಲ.
ಆಮೇಲೆ ಮಿಲ್ಲೂ ನಿಂತಿತು; ಅದು ಬೇರೆ ಕತೆ,
ಅದಕ್ಕೆ ಬೇರೆ ಲೆಕ್ಕದವರು.

ಮೊನ್ನೆ ಮಂಡಿಪೇಟೆ ಹತ್ತಿರ ಗುಜರಿಯಲ್ಲಿ ಒಂದು ಕಂಡೆ.
ಚೀಟಿ ಅರ್ಧ ಹರಿದಿದೆ: ಗೂನು ಇದೆ, ಕಾಲು ಎರಡೇ.
"ಹತ್ತು ರೂಪಾಯಿ ಅಜ್ಜಿ, ಬಳ್ಳಿ ಇಡಬಹುದು," ಅಂದ ಹುಡುಗ.
ಕಿರುಬೆರಳು ಹಾಕಿದೆ. ಗಂಟು ಬಂದ ಬೆರಳು,
ಒಳಗೆ ಹೋಗಲಿಲ್ಲ.
ಕಿವಿಯ ಹತ್ತಿರ ಅಲ್ಲಾಡಿಸಿದೆ.
ಗಟ್ಟಿ ಇತ್ತು.
ಐದಕ್ಕೆ ಕೊಡು, ಅಂದೆ.