ಪರಿಚಿತ ವ್ಯಕ್ತಿ

ಸಹಕಾರಕ್ಕೆ ಅಂಕ ಕೊಡಿ ಅನ್ನುತ್ತಾಳೆ,
ಒಂದರಿಂದ ಐದರೊಳಗೆ.
ಹೆಸರು ಇಂಗ್ರಿದ್, ಬ್ರಸೆಲ್ಸಿನಿಂದ ಬಂದವಳು, ಒಳ್ಳೆಯವಳೇ.
ನಮ್ಮ ಕಾಫಿಯನ್ನು ತಳದ ಗಸಿಯವರೆಗೂ ಕುಡಿದು
ಹಲ್ಲಿಗಂಟಿದ್ದನ್ನು ನಾಲಿಗೆಯಲ್ಲೇ ಮೆಲ್ಲಗೆ ಒರೆಸಿಕೊಂಡಳು.

ನಾನಿಲ್ಲಿ ದಫ್ತರದವಳು. ಇಪ್ಪತ್ತಾರು ವರ್ಷ
ಸಾನಾ ನದಿಯ ದಂಡೆಯ ಈ ಕೋರ್ಟಿನ ನೆಲಮಾಳಿಗೆಯಲ್ಲಿ
ಕಡತಗಳಿಗೆ ದಾರ ಕಟ್ಟಿದ್ದೇನೆ.
ಕೊಲೆಗೆ ಕೆಂಪು, ಬೇಲಿ ಜಗಳಕ್ಕೆ ಬಿಳಿ.
ಯುದ್ಧದ ಕಡತಕ್ಕೆ ಯಾರೂ ಬಣ್ಣ ಗೊತ್ತುಮಾಡಿರಲಿಲ್ಲ;
ಮನೆಯ ಹೊಲಿಗೆ ಡಬ್ಬಿಯಿಂದ ನೀಲಿ ತಂದೆ.

ಮೊದಮೊದಲು ಯಾರನ್ನು ಹಿಡಿಯಬೇಕಿದ್ದರೂ
ಕಡತ ಹೇಗ್‌ಗೆ ಹೋಗಿ ಬರಬೇಕಿತ್ತು.
ಅಲ್ಲಿಯವರಿಗೆ ನಮ್ಮ ಮೇಲೆ ನಂಬಿಕೆಯಿಲ್ಲ.
ತಪ್ಪೇನು? ಆಗ ನಮಗೇ ಇರಲಿಲ್ಲ.
ಹೋಗುವಾಗ ಎರಡು ಕಿಲೋ, ಬರುವಾಗ ಎರಡೂವರೆ,
ಮೇಲೊಂದು ಅಕ್ಷರ: ಹಿಡಿಯಬಹುದು, ಇಲ್ಲವೇ ಸಾಲದು.
ಆ ಒಂದಕ್ಷರಕ್ಕೆ ಮೂರು ಚಳಿಗಾಲ
ಬಾಗಿಲಲ್ಲಿ ನಿಂತವರನ್ನು ಬಲ್ಲೆ.

ರಸೆಮಾ ನಿಂತಿದ್ದಳು.
ತೊಂಬತ್ತೆಂಟರಲ್ಲಿ ಈ ಮೇಜಿನ ಆ ಬದಿಗೆ ಕೂತು ಹೇಳಿದ್ದಳು:
“ಬಂದವನು ನೆರೆಯವನು.
ನಮ್ಮ ಪ್ಲಮ್ ಮರದ ಅರ್ಧ ನೆರಳು ಅವನ ಅಂಗಳಕ್ಕೆ.
ನನ್ನ ಗಂಡನನ್ನು ಹೆಸರು ಹಿಡಿದು ಕರೆದ.
ಬೂಟು ಹಾಕ್ಕೋ ಅಂದ, ಹೊರಗೆ ತಂಡಿ ಅಂದ.”
ಟೈಪು ಮಾಡಿದವಳು ನಾನೇ.
ಆ ಪದದ ಮೊದಲ ಕೀಲಿ ಸಿಕ್ಕಿಕೊಂಡು
ಎರಡು ಸಲ ಒತ್ತಿದ್ದು ಬೆರಳಿಗಿನ್ನೂ ನೆನಪಿದೆ.

ಆಮೇಲೊಂದು ಮೇ ತಿಂಗಳು ನೆರೆ ಬಂತು.
ಅದೂ ಗೊತ್ತಿದ್ದ ದಾರಿಯಲ್ಲೇ, ಹಿತ್ತಿಲ ಮೆಟ್ಟಿಲಿಳಿದು,
ಅದೂ ಹೇಳದೆ ಕೇಳದೆ, ನಸುಕಿಗೆ.
ನೀಲಿ ದಾರ ಬಿಗಿಯಾಗೇ ಇತ್ತು,
ನಡುವೆ ಕಾಗದ ಗಂಜಿ.

ಒಣಗಿದ್ದ ಪ್ರತಿ ಒಂದೇ, ಹೇಗ್‌ನಲ್ಲಿ, ಇಂಗ್ಲಿಷಿನಲ್ಲಿ.
ಕೇಳಿದೆವು. ಅವರ ನಿಯಮ ಕೇಳಿತು: ಕೇಳುತ್ತಿರುವವರು ಯಾರು?
ನಮ್ಮ ನಿಯಮ ಕೇಳಿತು: ಯಾರ ಮೊಹರು?
ನಾನೂರ ಹನ್ನೆರಡು ದಿನ.
ಇಂಗ್ರಿದ್ ಬರೆದುಕೊಳ್ಳುತ್ತಾಳೆ: ನಾನೂರ ಹನ್ನೆರಡು.
ಇದನ್ನೂ ಬರೆದುಕೋ, ಅಲ್ಲೊಬ್ಬ ಟಿಯೆಮೆನ್ ಎಂಬ ಹುಡುಗ
ರಜೆಯ ದಿನ ಕೂತು ಹುಡುಕಿ ಕಳಿಸಿದ.
ಮುಖ ನೋಡಿದವಳಲ್ಲ. ಪತ್ರದ ಕೊನೆಗೆ
ನಮ್ಮ ಭಾಷೆಯಲ್ಲಿ ತಪ್ಪುತಪ್ಪಾಗಿ ‘ವಂದನೆ’ ಅಂತ ಬರೆದಿದ್ದ.

ಅಂತೂ ನೆರೆಯವನು ಊರಿಗೆ ಬಂದ,
ಎರಡು ಭಾಷೆ ದಾಟಿ, ಗಡ್ಡ ಬೋಳಿಸಿಕೊಂಡವನ ಹಾಗೆ:
‘ಸದರಿ ಪ್ರದೇಶದ ಪರಿಚಿತ ವ್ಯಕ್ತಿ.’
ಮರವಿಲ್ಲ. ನೆರಳಿಲ್ಲ. ಬೂಟೂ ಇಲ್ಲ.

ಅಷ್ಟು ಸುಲಭದ ಪದ, ಇಂಗ್ರಿದ್ ಪೆನ್ನು ನಿಲ್ಲಿಸಿದಳು,
ಮಗುವಿಗೂ ಗೊತ್ತಿರುತ್ತದಲ್ಲ?
ಗೊತ್ತಿತ್ತು. ಯಾರೋ ದಯೆಯಿಂದಲೇ ತಿದ್ದಿದ್ದರು:
ನೆರೆಯವನು ಅಂದುಬಿಟ್ಟರೆ
ಸಾಕ್ಷಿಯ ಮನೆ ಯಾವುದೆಂದು ತಿಳಿದುಹೋಗುತ್ತದೆ.
ಯಾರಿಗೆ? ಅವನಿಗೆ?

ಕಟಕಟೆಯಲ್ಲಿ ರಸೆಮಾ, ಎಪ್ಪತ್ತೊಂದು,
ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿಗೆ ತಂದು ಓದಿ
“ಇದು ನಾನಂದದ್ದಲ್ಲ” ಅಂದಳು.
ವಕೀಲ ಎದ್ದ, ಖುಷಿ ತೋರಿಸಿಕೊಳ್ಳದ ಜಾಣ:
“ಹಿಂದಿನ ಹೇಳಿಕೆಗೂ ಇಂದಿನ ಮಾತಿಗೂ ತಾಳೆಯಿಲ್ಲ,
ಪೀಠ ಗಮನಿಸಬೇಕು.”
ಪೀಠ ಗಮನಿಸಿತು.
ಟೈಪು ಮಾಡಿದ್ದು ನಾನು ಅನ್ನಲು ನಾನೂ ಎದ್ದೆ.
ದಫ್ತರದವರು ಸಾಕ್ಷಿಯಲ್ಲ, ಕೂತ್ಕೊಳ್ಳಿ ಅಂದರು.
ಕೂತೆ.
ಪರಿಚಿತ ವ್ಯಕ್ತಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಇಂಗ್ರಿದ್ ಹಾಳೆ ಮಗುಚುತ್ತಾಳೆ.
ಷರಾ ಬರೆಯಲು ಕೆಳಗೆ ನಾಲ್ಕು ಗೆರೆ ಜಾಗವಿದೆಯಂತೆ.
ಮೂರು ಅಂದೆ.
ಯಾಕೆ ಮೂರು ಎಂದು ಅವಳು ಕೇಳಲಿಲ್ಲ, ನನಗೂ ತಿಳಿಯದು.
ಟಿಯೆಮೆನ್ ನೆನಪಾಗಿದ್ದಕ್ಕೆ ಎರಡು ಅನ್ನಲಾಗಲಿಲ್ಲ, ಅಷ್ಟೆ.

ತೀರ್ಪು ಬಂದಿಲ್ಲ.
ಆಗಸ್ಟಿನಲ್ಲಿ ರಸೆಮಾ ಬುಟ್ಟಿ ಹಿಡಿದು
ಪ್ಲಮ್ ಹೆಕ್ಕುತ್ತಾಳೆ, ತನ್ನ ಕಡೆ ಬಿದ್ದವನ್ನಷ್ಟೇ.
ಆಚೆ ಬಿದ್ದವನ್ನು ಹೆಕ್ಕಲು ಅವನೂ ಬರುತ್ತಾನೆ,
ಒಮ್ಮೊಮ್ಮೆ ಅದೇ ಹೊತ್ತಿಗೆ.